ಫ್ರೀಜರ್ ಖಾನೆಯನ್ನು ಬೇಕಾದ ಹಾಗೆ ಬದಲಿಸಿಕೊಳ್ಳುವ 300 ಲೀಟರ್ ಫ್ರಿಜ್: ಕಾಯಿಲ್ ಒಂದು ಸಾಕೋ, ಎರಡು ಬೇಕೋ? (ಚರ್ಚೆ; ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು)

ಶೀತಲಸಮರ

ಎರಡು ಬಾಗಿಲಿನ ಫ್ರಾಸ್ಟ್ ಫ್ರೀ ಫ್ರಿಜ್, ಒಟ್ಟು 300 ಲೀಟರ್. ಮೇಲಿನ ಖಾನೆ 90, ಕೆಳಗಿನದು 210. ಇನ್ನೂ ಡ್ರಾಯಿಂಗ್ ಹಂತ, ಹಾಗಾಗಿ ಏನು ಬೇಕಾದರೂ ಬದಲಿಸಬಹುದು.

ಹೊರಟಿದ್ದು ಒಂದು ಸರಳ ತಕರಾರಿನಿಂದ. ಬಹಳಷ್ಟು ಮನೆಗಳಲ್ಲಿ ಮೇಲೆ ಒಂದು ಐಸ್ ಟ್ರೇ, ಅರ್ಧ ಪ್ಯಾಕೆಟ್ ಬಟಾಣಿ ಬಿಟ್ಟರೆ ಮತ್ತೇನಿಲ್ಲ. ಕೆಳಗೆ ಮಾತ್ರ ದೋಸೆ ಹಿಟ್ಟಿನ ಪಾತ್ರೆಗೂ ಹಾಲಿನ ಪಾತ್ರೆಗೂ ಜಾಗದ ಜಗಳ. ಮೀನು ಮಾಂಸ ತರುವ ಮನೆಯಲ್ಲಿ ವಾರಕ್ಕೆರಡು ದಿನ ಮೇಲಿನ ಖಾನೆ ತುಂಬಿರುತ್ತದೆ, ಉಳಿದ ದಿನ ಅಲ್ಲೂ ಅದೇ ಕಥೆ. ಹಾಗಾಗಿ ಮೇಲಿನ ಖಾನೆಗೆ ನಾಲ್ಕು ಸ್ಥಿತಿ ಕೊಡುವ ಯೋಚನೆ: ಮೈನಸ್ 18, ಮೈನಸ್ 2, ಪ್ಲಸ್ 4, ಪ್ಲಸ್ 10.

ಕಟ್ಟುಪಾಡು ಇಷ್ಟು. ಕಂಪ್ರೆಸರ್ ಒಂದೇ, ಇನ್ವರ್ಟರ್ ಮಾದರಿ, ಅಂದರೆ ವೇಗ ಬದಲಿಸಬಲ್ಲದ್ದು. ತಂಪು ಮಾಡುವ ಗ್ಯಾಸ್ ಆರ್600ಎ (ಐಸೊಬ್ಯುಟೇನ್). ಹೊರಗಿನ ತಾಪ 16ರಿಂದ 43 ಡಿಗ್ರಿ, ಅಂದರೆ ಟ್ರಾಪಿಕಲ್ ವರ್ಗ. ಕಲಬುರಗಿ, ರಾಯಚೂರಿನ ಮೇ ತಿಂಗಳನ್ನು ಲೆಕ್ಕಕ್ಕೆ ಹಿಡಿದರೆ ಅದಕ್ಕಿಂತ ಕೆಳಗಿನ ವರ್ಗದ ಮಾತೇ ಇಲ್ಲ.

ಕೇಳುವುದು: ಕೂಲಿಂಗ್ ಕಾಯಿಲ್ ಒಂದೇ ಇಟ್ಟು ಡ್ಯಾಂಪರ್‌ನಲ್ಲಿ, ಅಂದರೆ ಗಾಳಿಯ ದಾರಿ ತೆರೆದು ಮುಚ್ಚುವ ಕದದಲ್ಲಿ, ನಿಭಾಯಿಸಬಹುದೇ? ಸೆನ್ಸರ್ ಎಲ್ಲಿ ಕೂರಿಸಬೇಕು? ಶೆಲ್ಫ್ ಹೇಗಿರಬೇಕು?

ಕೇಶನಾಳ

ಒಂದು ಕಾಯಿಲ್‌ನಲ್ಲಿ ಆಗುತ್ತದೆ, ಆದರೆ ಅರ್ಧ. ಯಾಕೆ ಅಂತ ಗಾಳಿಯ ದಾರಿ ಹಿಡಿದು ನೋಡಿ.

ಮಾಮೂಲಿ ಫ್ರಾಸ್ಟ್ ಫ್ರೀಯಲ್ಲಿ ಕಾಯಿಲ್ ಇರುವುದು ಮೇಲಿನ ಖಾನೆಯ ಬೆನ್ನಿಗೆ. ಫ್ಯಾನ್ ತಳ್ಳಿದ ಗಾಳಿಯಲ್ಲಿ ಹೆಚ್ಚಿನ ಪಾಲು ನೇರ ಮೇಲಿನ ಖಾನೆಗೆ, ಉಳಿದ ಸಣ್ಣ ಪಾಲು ಡ್ಯಾಂಪರ್ ದಾಟಿ ಕೆಳಕ್ಕೆ. ಡ್ಯಾಂಪರ್ ಕಾಯುವುದು ಕೆಳಗಿನ ಖಾನೆಯನ್ನು. ಮೇಲಿನದಕ್ಕೆ ಕಾವಲುಗಾರನೇ ಇಲ್ಲ, ಕಂಪ್ರೆಸರ್ ಓಡಿದರೆ ಅದು ತಣ್ಣಗಾಗಲೇಬೇಕು. ಈಗ ನೀವು ಮೇಲಿನ ಖಾನೆಯನ್ನು ಪ್ಲಸ್ 4 ಮಾಡಿ ಅಂದರೆ, ಕೆಳಗಿನದು ತಂಪು ಕೇಳಿದಾಗಲೆಲ್ಲ ಮೇಲೆಯೂ ಮೈನಸ್ 20ರ ಗಾಳಿ ನುಗ್ಗುತ್ತದೆ. ಮೇಲೂ ಒಂದು ಡ್ಯಾಂಪರ್ ಹಾಕಬೇಕು. ಅದು ಮುಚ್ಚಿಕೊಂಡರೂ ಕಾಯಿಲ್‌ನ ಮುಂದಿರುವ ಕವರ್ ಮೂಲಕ ಚಳಿ ಸೋರುತ್ತದೆ, ಕವರ್‌ನ ಹಿಂದೆ ಕನಿಷ್ಠ 10 ಮಿ.ಮೀ. ಥರ್ಮೋಕೋಲ್ ಬೇಕು.

ಇದೆಲ್ಲ ಮಾಡಿದರೂ ಒಂದು ಸಮಸ್ಯೆ ಉಳಿಯುತ್ತದೆ, ತೇವ. ಮೈನಸ್ 20ರ ಕಾಯಿಲ್ ದಾಟಿ ಬಂದ ಗಾಳಿಯಲ್ಲಿ ನೀರಾವಿಯ ಒತ್ತಡ 100 ಪಾಸ್ಕಲ್ ಆಸುಪಾಸು. 4 ಡಿಗ್ರಿಯಲ್ಲಿ ಗಾಳಿ ಹಿಡಿಯಬಲ್ಲದ್ದು 810. ಅಂದರೆ ಆ ಗಾಳಿ ಖಾನೆಯೊಳಗೆ ಬಂದು 4 ಡಿಗ್ರಿಗೆ ಬೆಚ್ಚಗಾದಾಗ ಅದರ ತೇವಾಂಶ ಶೇ 13ರಷ್ಟೇ. ಕೊತ್ತಂಬರಿ ಸೊಪ್ಪು ಎರಡೇ ದಿನಕ್ಕೆ ಒಣಗುವುದು ಇದೇ ಗಾಳಿಗೆ. ಅದೇ ಕಾಯಿಲ್ ಮೈನಸ್ 5ರಲ್ಲಿ ಓಡಿದರೆ ಒತ್ತಡ 400 ಪಾಸ್ಕಲ್, ತೇವಾಂಶ ಶೇ 50. ಎರಡು ಕಾಯಿಲ್ ಬೇಕು ಅನ್ನುವುದಕ್ಕೆ ವಿದ್ಯುತ್ ಉಳಿತಾಯಕ್ಕಿಂತ ದೊಡ್ಡ ಕಾರಣ ಇದು.

ವಾಸನೆಯ ವಿಚಾರವೂ ಉಂಟು. ಒಂದು ಕಾಯಿಲ್ ಅಂದರೆ ಎರಡೂ ಖಾನೆಗೆ ಒಂದೇ ಗಾಳಿ. ಮೇಲೆ ಬಂಗುಡೆ ಇಟ್ಟರೆ ಕೆಳಗೆ ಬೆಣ್ಣೆಗೆ ಗೊತ್ತಾಗುತ್ತದೆ.

ಅಡುಗೆಮನೆ ಲೆಕ್ಕ

ಬಂಗುಡೆಯಷ್ಟೇ ಅಲ್ಲ, ಕಟ್ಟಿದ ಮಲ್ಲಿಗೆ ಹೂವಿನ ಡಬ್ಬ ತೆರೆದಿಟ್ಟರೆ ಮರುದಿನದ ಮೊಸರೂ ಘಮಘಮ.

ಒಳಗಿಡುವ ಪದಾರ್ಥದ ಕಡೆಯಿಂದ ಒಂದಿಷ್ಟು. ಶೀತಲಸಮರ ಅವರ ನಾಲ್ಕು ಸ್ಥಿತಿಗಳಲ್ಲಿ ಮೈನಸ್ 2ಕ್ಕೆ ನನ್ನ ಪೂರ್ತಿ ಬೆಂಬಲ. ಮೀನು, ಮಾಂಸ ಗಟ್ಟಿಯಾಗತೊಡಗುವುದು ಮೈನಸ್ 1ರಿಂದ ಮೈನಸ್ 2ರ ನಡುವೆ. ಅಲ್ಲಿ ಇಟ್ಟರೆ ಹೊರಮೈ ಬಿರುಸಾಗುತ್ತದೆ, ಕತ್ತಿಗೆ ಮಾತ್ರ ಸಿಗುತ್ತದೆ, ಕರಗಲು ಕಾಯಬೇಕಿಲ್ಲ. ನಾಳೆ ನಾಡಿದ್ದು ಮಾಡುವ ಸಾರಿಗೆ ಇಷ್ಟು ಸಾಕು. ತಿಂಗಳುಗಟ್ಟಲೆ ಇಡುವುದಾದರೆ ಮೈನಸ್ 18 ಬೇಕೇ ಬೇಕು.

ಪ್ಲಸ್ 10 ಮೇಲಿನ ಖಾನೆಗೆ ಬೇಡ. 90 ಲೀಟರ್ ತುಂಬ 10 ಡಿಗ್ರಿಯಲ್ಲಿ ಇಡುವಂಥದ್ದು ಯಾರ ಮನೆಯಲ್ಲೂ ಇರುವುದಿಲ್ಲ. ಆದರೆ ಆ ತಾಪ ಬೇಕಾದ ತರಕಾರಿ ನಮ್ಮಲ್ಲಿ ಬಹಳ. ಬೆಂಡೆಕಾಯಿ, ಬದನೆ, ಹಸಿಮೆಣಸಿನಕಾಯಿ 7ರಿಂದ 10 ಡಿಗ್ರಿ ಕೇಳುತ್ತವೆ. ಸೌತೆಕಾಯಿ 10ರಿಂದ 12. ಟೊಮೇಟೊ 10ರ ಕೆಳಗೆ ದಿನಗಟ್ಟಲೆ ಇದ್ದರೆ ಹಣ್ಣಾಗುವುದನ್ನೇ ಮರೆತು ಹಿಟ್ಟುಹಿಟ್ಟಾಗುತ್ತದೆ. ಬದನೆಯ ಮೈಮೇಲೆ ಕಂದು ಗುಳಿ, ಬೆಂಡೆಯ ಮೇಲೆ ಕಪ್ಪು ಕಲೆ, ಸೌತೆಯಲ್ಲಿ ನೀರು ನೀರಾದ ತೇಪೆ ಕಂಡರೆ ಅದು ಕೊಳೆತದ್ದಲ್ಲ, ಚಳಿ ತಾಗಿದ್ದು. ಸೊಪ್ಪಿನ ಕಥೆ ಪೂರ್ತಿ ಉಲ್ಟಾ: 0ರಿಂದ 2 ಡಿಗ್ರಿ, ತೇವಾಂಶ ಶೇ 90ರ ಮೇಲೆ. ಅಂದರೆ ಈಗ ಎಲ್ಲ ಫ್ರಿಜ್‌ನಲ್ಲಿ ಇರುವ ಆ ಒಂದೇ ಒಂದು ತರಕಾರಿ ಡಬ್ಬ ಯಾವುದಕ್ಕೂ ಸರಿಹೊಂದುವುದಿಲ್ಲ.

ನನ್ನ ಸಲಹೆ: ಕೆಳಗಿನ ಖಾನೆಯ ತಳದಲ್ಲಿ ಅಕ್ಕಪಕ್ಕ ಎರಡು ಡ್ರಾಯರ್. ಎಡದ್ದು ಸೊಪ್ಪಿಗೆ, ಬಿಗಿಯಾಗಿ ಮುಚ್ಚುವಂಥದ್ದು, 2 ಡಿಗ್ರಿ. ಬಲದ್ದು 10 ಡಿಗ್ರಿ, ಗಾಳಿ ಸ್ವಲ್ಪ ಆಡಬೇಕು. ಟೊಮೇಟೊ ಬಿಡುವ ಎಥಿಲೀನ್ ಸೊಪ್ಪನ್ನು ಹಳದಿ ಮಾಡುತ್ತದೆ, ಹಾಗಾಗಿ ನಡುವೆ ಗೋಡೆ ಬೇಕು.

ಇನ್ನೊಂದು ಎಚ್ಚರಿಕೆ. ಆ 10 ಡಿಗ್ರಿ ಡ್ರಾಯರ್ ಮೇಲೆ ತರಕಾರಿಯ ಚಿತ್ರ ಮಾತ್ರ ಹಾಕಿ. ಹಿಟ್ಟು, ಹಾಲು ಅಲ್ಲಿ ಇಡುವ ಹಾಗಿಲ್ಲ. 10 ಡಿಗ್ರಿಯಲ್ಲಿ ದೋಸೆ ಹಿಟ್ಟು ಹುಳಿಯಾಗುತ್ತಲೇ ಹೋಗುತ್ತದೆ. 4ರಲ್ಲಿ ಮಾತ್ರ ಅದು ತಡೆದು ನಿಲ್ಲುತ್ತದೆ.

ಪಾನಾ ಪಕ್ಕಡ

ಹಂಗಾದ್ರ ಡ್ಯಾಂಪರ್ ಎಷ್ಟಾದ್ವು ಎಣಸ್ರಿ. ಮ್ಯಾಲಿಂದಕ್ಕ ಒಂದು, ಕೆಳಗಿಂದಕ್ಕ ಒಂದು, ಡ್ರಾಯರ್‌ಕ್ಕ ಒಂದು. ರಿಪೇರಿಗೆ ಬರೋ ಫ್ರಿಜ್ಜಿನೊಳಗ ಅರ್ಧಕ್ಕರ್ಧ ತಕರಾರು ಅದರದ ಇರ್ತೈತಿ.

ಡ್ಯಾಂಪರ್ ತೆರದಂಗ ಸಿಕ್ಕೊಂಡ್ರ ಕೆಳಗಿನ ಖಾನ್ಯಾಗ ಟೊಮೇಟೊ ಕಲ್ಲಾಗ್ತಾವ. ಮುಚ್ಚಿದಂಗ ಸಿಕ್ಕೊಂಡ್ರ ಮ್ಯಾಲೆ ಐಸ್ ಛಲೋ, ಕೆಳಗ ಹಾಲು ಒಡೀತೈತಿ. ಜನ ಗ್ಯಾಸ್ ಹೋಗೇತಿ ಅಂತಾರ. ಮ್ಯಾಲೆ ಮೈನಸ್ 18 ನಿಂತೈತಿ ಅಂದ್ರ ಗ್ಯಾಸ್ ಹೋಗಿಲ್ಲ, ಇದನ್ನ ಮೊದಲ ತಿಳ್ಕೊಬೇಕು. ಒಮ್ಮೆ ಕಾಯಿಲ್ ಮ್ಯಾಲಿನ ಬರ್ಫ ನೋಡ್ರಿ. ಪೂರ್ತಿ ಕಾಯಿಲ್ ಬಿಳೇದು ಆಗಿ ಗಾಳಿಗೆ ಸಂದೇ ಇಲ್ಲಂದ್ರ ಡಿಫ್ರಾಸ್ಟ್, ಅಂದ್ರ ಹೀಟರ್‌ಲೇ ಬರ್ಫ ಕರಗಸೂದು, ತಪ್ಪೇತಿ. ಬರ್ಫ ಒಂದ ಮೂಲಿಗೆ ಅಷ್ಟ ಐತಿ, ಉಳದದ್ದು ಬೋಳು ಅಂದ್ರ ಆವಾಗ ಗ್ಯಾಸ್ ಕಡಿಮಿ.

ಡಿಫ್ರಾಸ್ಟ್ ತಪ್ಪಿದ್ರ ಕರೆಂಟ್ ತಗದು ಮೀಟರ್ ಹಚ್ರಿ. 160 ವ್ಯಾಟಿನ ಹೀಟರ್ ಅಂದ್ರ 330 ಓಮ್ ಸುತ್ತಮುತ್ತ ತೋರಸ್ಬೇಕು. ಏನೂ ತೋರಸ್ಲಿಲ್ಲಂದ್ರ ಹೀಟರ್ ಇಲ್ಲಾ ಫ್ಯೂಸ್ ಹೋಗೇತಿ. ಬೈಮೆಟಲ್ (ತಾಪ ನೋಡಿ ಹೀಟರ್‌ಕ್ಕ ಕರೆಂಟ್ ಬಿಡೋ ಸ್ವಿಚ್) ಮಾತ್ರ ಬೆಚ್ಚಗ ಇದ್ದಾಗ ತೆರದ ಇರ್ತೈತಿ, ಅದನ್ನ ಕೆಟ್ಟೈತಿ ಅಂತ ಒಗಿಬ್ಯಾಡ್ರಿ, ಮೈನಸ್ 18ರ ಫ್ರೀಜರಿನ್ಯಾಗ ಇಟ್ಟು ನೋಡ್ರಿ. ಸೆನ್ಸರ್‌ಕ್ಕ ಒಂದ ಗ್ಲಾಸಿನ್ಯಾಗ ಪುಡಿ ಐಸ್ ತುಂಬಿ ಮುಳುಗೋಷ್ಟ ನೀರ ಹಾಕಿ ಐದ ನಿಮಿಷ ಬಿಡ್ರಿ, ಅದು 0 ಡಿಗ್ರಿ. ಆ ಮಾಡೆಲ್ಲಿನ ಟೇಬಲ್‌ದಾಗ 0ಕ್ಕ ಎಷ್ಟು ಓಮ್ ಕೊಟ್ಟಾರ ನೋಡಿ ತಾಳೆ ಹಾಕ್ರಿ.

ಡಿಸೈನ್ ಮಾಡೋರಿಗೆ ಒಂದ ಮಾತು: ಡ್ಯಾಂಪರಿನ ಬಾಯಿಗೆ ಬರ್ಫ ಕಟ್ಟೋದು ಬೆಚ್ಚನ ತೇವದ ಗಾಳಿ ಹಿಂದಕ್ಕ ಏರೋದರಿಂದ. ಫ್ಯಾನ್ ನಿಂತ ಕೂಡ್ಲೆ ಡ್ಯಾಂಪರ್ ಮುಚ್ಚಬೇಕು, ಮತ್ತ ಅದರ ಮೈಗೆ 2-3 ವ್ಯಾಟಿನ ಫಾಯಿಲ್ ಹೀಟರ್ ಇರಬೇಕು.

ಶೀತಲಸಮರ

ಎಲ್ಲರಿಗೂ ಥ್ಯಾಂಕ್ಸ್. ಪ್ಲಸ್ 10 ಅನ್ನು ಡ್ರಾಯರ್‌ಗೆ ಇಳಿಸಿದೆ, ಮೇಲಿನ ಖಾನೆಗೆ ಇನ್ನು ಮೂರೇ ಸ್ಥಿತಿ. ಎರಡು ಕಾಯಿಲ್ ಆದರೆ ಮೇಲೂ ಕೆಳಗೂ ಡ್ಯಾಂಪರ್ ಬೇಕಿಲ್ಲ, ಬಲ ಡ್ರಾಯರ್‌ನ ಒಂದು ಮಾತ್ರ. ಖರ್ಚು ಸ್ವಲ್ಪ ಹೊಂದಿಕೊಳ್ಳುತ್ತದೆ.

ಆದರೆ ಕಂಪ್ರೆಸರ್ ಒಂದೇ. ಮೂರು ದಾರಿಯ ವಾಲ್ವ್, ಎರಡು ಕ್ಯಾಪಿಲರಿ (ಕಾಯಿಲ್‌ಗೆ ಗ್ಯಾಸ್ ಅಳೆದು ಬಿಡುವ ತೆಳು ನಳಿಗೆ) ಅಂತ ಲೆಕ್ಕ. ಮೇಲಿನ ಕಾಯಿಲ್ ಕೆಲವೊಮ್ಮೆ ಮೈನಸ್ 25ರಲ್ಲಿ, ಕೆಲವೊಮ್ಮೆ ಮೈನಸ್ 8ರಲ್ಲಿ ಓಡಬೇಕು. ಅದಕ್ಕೆ ಕ್ಯಾಪಿಲರಿ ಒಂದೇ ಸಾಕಾಗುತ್ತದೆಯೇ?

ಕೇಶನಾಳ

ಸಾಕು, ಕಂಪ್ರೆಸರ್ ವೇಗ ಇಳಿಸಿದರೆ.

ಕ್ಯಾಪಿಲರಿಯ ಕೊನೆಯಲ್ಲಿ ಹರಿವು ಚೋಕ್ ಆಗಿರುತ್ತದೆ. ಎಷ್ಟು ಗ್ಯಾಸ್ ಹರಿಯಬೇಕು ಅನ್ನುವುದನ್ನು ನಿರ್ಧರಿಸುವುದು ಕಂಡೆನ್ಸರ್ (ಶಾಖವನ್ನು ಹೊರಗೆ ಬಿಡುವ ಕೊಳವೆ) ಕಡೆಯ ಒತ್ತಡ ಮತ್ತು ದ್ರವ ಎಷ್ಟು ತಣ್ಣಗಾಗಿ ಬರುತ್ತದೆ ಅನ್ನುವುದು. ಕಾಯಿಲ್ ಕಡೆಯ ಒತ್ತಡ ಏರಿದರೂ ಇಳಿದರೂ ಕ್ಯಾಪಿಲರಿ ಹೆಚ್ಚುಕಮ್ಮಿ ಅಷ್ಟೇ ಬಿಡುತ್ತದೆ. ಕಂಪ್ರೆಸರ್ ಹಾಗಲ್ಲ. ಆರ್600ಎಗೆ ಮೈನಸ್ 25ರಲ್ಲಿ ಒತ್ತಡ 0.6 ಬಾರ್‌ನ ಆಸುಪಾಸು, ಮೈನಸ್ 8ರಲ್ಲಿ 1.2ರ ಹತ್ತಿರ. ಒತ್ತಡ ಇಮ್ಮಡಿಯಾದರೆ ಒಂದೊಂದು ಸುತ್ತಿಗೆ ಕಂಪ್ರೆಸರ್ ಎಳೆಯುವ ಗ್ಯಾಸೂ ಹತ್ತಿರ ಹತ್ತಿರ ಇಮ್ಮಡಿ. ವೇಗ ಹಾಗೇ ಬಿಟ್ಟರೆ ಕ್ಯಾಪಿಲರಿ ಕೊಡುವುದಕ್ಕಿಂತ ಹೆಚ್ಚು ಎಳೆದು ಕಾಯಿಲ್ ದ್ರವ ಸಾಲದೆ ಹಸಿಯುತ್ತದೆ, ಒತ್ತಡ ಮತ್ತೆ ಬಿದ್ದು ಮೈನಸ್ 20ಕ್ಕೇ ಬಂದು ನಿಲ್ಲುತ್ತದೆ. ನೀವು ಬೋರ್ಡ್ ಮೇಲೆ ಪ್ಲಸ್ 4 ಅಂತ ಬರೆದಿರುತ್ತೀರಿ, ಕಾಯಿಲ್‌ಗೆ ಅದು ಗೊತ್ತೇ ಇರುವುದಿಲ್ಲ. ಹಾಗಾಗಿ ಪ್ಲಸ್ 4 ಸ್ಥಿತಿಯಲ್ಲಿ ಕಂಪ್ರೆಸರ್ ತನ್ನ ಕನಿಷ್ಠ ವೇಗದಲ್ಲೇ ಓಡಬೇಕು, 1200-1300 ಸುತ್ತು. ವೇಗ ಬದಲಿಸಲಾಗದ ಕಂಪ್ರೆಸರ್‌ಗೆ ಈ ವಿನ್ಯಾಸ ಹೊಂದುವುದಿಲ್ಲ.

ವಾಲ್ವ್ ತಿರುಗಿಸುವಾಗ ಒಂದು ಕಷ್ಟ ಬರುತ್ತದೆ. ಮೇಲಿನ ಕಾಯಿಲ್ ಅತಿ ತಣ್ಣಗಿರುವಾಗ ದ್ರವ ಗ್ಯಾಸ್ ಅಲ್ಲೇ ಕೂತುಬಿಡುತ್ತದೆ. ಕೆಳಗಿನ ಕಾಯಿಲ್‌ಗೆ ವಾಲ್ವ್ ತಿರುಗಿಸಿದರೆ ಮೊದಲ ಹಲವು ನಿಮಿಷ ಅಲ್ಲಿಗೆ ಸಿಗುವುದು ಬರೀ ಚೂರುಪಾರು. ಪರಿಹಾರ ಎರಡು, ಎರಡೂ ಬೇಕು. ತಿರುಗಿಸುವ ಮುಂಚೆ ಎರಡೂ ದಾರಿ ಮುಚ್ಚಿ ಕಂಪ್ರೆಸರ್ ಒಂದರಿಂದ ಎರಡು ನಿಮಿಷ ಓಡಿಸಿ ಗ್ಯಾಸನ್ನು ಕಂಡೆನ್ಸರ್‌ಗೆ ಎಳೆದುಕೊಳ್ಳಿ. ಮೇಲಿನ ಕಾಯಿಲ್‌ನಿಂದ ಕಂಪ್ರೆಸರ್‌ಗೆ ಹೋಗುವ ಸಕ್ಷನ್ ಪೈಪ್‌ನಲ್ಲಿ ಒಮ್ಮುಖ ವಾಲ್ವ್ ಕೂರಿಸಿ, ಇಲ್ಲದಿದ್ದರೆ ಕೆಳಗಿನ ಕಾಯಿಲ್‌ನಿಂದ ಬಂದ ಆವಿ ಹಿಂದಕ್ಕೆ ಹೋಗಿ ಅಲ್ಲಿ ದ್ರವವಾಗುತ್ತದೆ.

ಒಟ್ಟು ಗ್ಯಾಸ್ 50-60 ಗ್ರಾಂ ಇರುವ ಯಂತ್ರ ಇದು. 2 ಗ್ರಾಂ ಹೆಚ್ಚುಕಮ್ಮಿಯೂ ಗೊತ್ತಾಗುತ್ತದೆ, ಗ್ರಾಂ ತೋರಿಸುವ ತಕ್ಕಡಿಯಲ್ಲದೆ ತುಂಬಿಸಬಾರದು.

ಪಾನಾ ಪಕ್ಕಡ

ಇದಕ್ಕ ಒಂದ ಸೇರಸ್ರಿ. ಮೈನಸ್ 25ರಾಗ ಓಡೋವಾಗ ಆ ಕಡೆ ಒತ್ತಡ ಹೊರಗಿನ ಗಾಳಿಗಿಂತ ಕಡಿಮಿ. ಅಲ್ಲಿ ಸಣ್ಣ ತೂತು ಬಿದ್ರ ಗ್ಯಾಸ್ ಹೊರಗ ಹೋಗೂದಿಲ್ಲ, ಗಾಳಿ ಮತ್ತ ನೀರಿನ ಪಸಿ ಒಳಗ ಬರ್ತೈತಿ, ಕ್ಯಾಪಿಲರಿ ಬಾಯಿಗೆ ಬರ್ಫ ಕಟ್ಟತೈತಿ. ಬಂದ್ ಮಾಡಿ ಬಿಟ್ರ ಕರಗಿ ಮತ್ತ ಓಡ್ತೈತಿ, ತಾಸಿನ ಮ್ಯಾಲೆ ಮತ್ತ ನಿಲ್ತೈತಿ. ಹಂಗ ಆದಾಗ ಡ್ರೈಯರ್ (ಪಸಿ ಹೀರೋ ಡಬ್ಬಿ) ಬದಲಿಸಿ ಪೂರ್ತಿ ವ್ಯಾಕ್ಯೂಮ್ ಮಾಡ್ಬೇಕು.

ಮತ್ತ ಈ ಗ್ಯಾಸ್ ಬೆಂಕಿ ಹಿಡಿಯೂದು. ಪೈಪ್ ಬಿಚ್ಚಲಿಕ್ಕೆ ಟಾರ್ಚ್ ಹಚ್ಚಬ್ಯಾಡ್ರಿ, ಪೈಪ್ ಕಟರ್‌ಲೇ ಕೊಯ್ರಿ. ಕಿಡಕಿ ತೆರೀರಿ, ನೈಟ್ರೋಜನ್ ಹಾಯಸ್ರಿ. ಜೋಡಸೂದಕ್ಕ ಬೆಂಕಿ ಇಲ್ದ ಒತ್ತಿ ಕೂಡಸೂ ಲಾಕ್‌ರಿಂಗ್ ಸಿಗ್ತಾವ.

ಪೀಣ್ಯ ಟೂಲ್‌ರೂಮ್

ಶೆಲ್ಫ್ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ, ನಾನು ಹೇಳ್ತೀನಿ.

ಒಳಗೋಡೆ ಅಂದರೆ ಹಿಪ್ಸ್ ಅನ್ನುವ ಪ್ಲಾಸ್ಟಿಕ್ ಹಾಳೆ, ಬಿಸಿ ಮಾಡಿ ಅಚ್ಚಿಗೆ ವ್ಯಾಕ್ಯೂಮ್‌ನಲ್ಲಿ ಎಳೆಯುವುದು. 3 ಮಿ.ಮೀ. ಹಾಳೆ ಆಳದ ಮೂಲೆಗೆ ಬರುವಷ್ಟರಲ್ಲಿ 1 ಮಿ.ಮೀ. ಆಗಿರುತ್ತದೆ. ಶೆಲ್ಫ್ ಕೂರುವ ದಿಂಡುಗಳು ಇದೇ ಹಾಳೆಯಲ್ಲಿ ಮಡಿಸಿದಂತೆ ಬರುವುದು. ಬೇಕಾದಷ್ಟು ಹಂತ ಸಿಗಲಿ ಅಂತ ದಿಂಡನ್ನು ಹತ್ತಿರ ಹತ್ತಿರ ಕೊಟ್ಟರೆ ನಡುವಿನ ಕಣಿವೆಯಲ್ಲಿ ಹಾಳೆ ಇನ್ನೂ ತೆಳು. 40 ಮಿ.ಮೀ. ಅಂತರಕ್ಕಿಂತ ಕೆಳಗೆ ಹೋಗಬೇಡಿ. ದಿಂಡಿನ ಅಂಚು 3 ಮಿ.ಮೀ. ತ್ರಿಜ್ಯದಲ್ಲಿ ದುಂಡಗಿರಲಿ, ಹಿಂದೆ ಶಾಖ ತಡೆಯುವ ಪಿಯು ಫೋಮ್ ಪೊಳ್ಳು ಬಿಡದೆ ತುಂಬಿರಲಿ.

ಅಲ್ಲಿ ಬಿರುಕು ಬರುವುದು ಬರೀ ಭಾರಕ್ಕಲ್ಲ. ಎಣ್ಣೆ, ತುಪ್ಪ, ನಿಂಬೆ ಸಿಪ್ಪೆಯ ರಸ ಹಿಪ್ಸ್‌ಗೆ ವಿಷ ಇದ್ದ ಹಾಗೆ. ಒತ್ತಡದಲ್ಲಿರುವ ಮೂಲೆಗೆ ಜಿಡ್ಡು ಇಳಿದರೆ ತಿಂಗಳುಗಳಲ್ಲಿ ಕೂದಲೆಳೆಯ ಗೀರು ಬೀಳುತ್ತದೆ. ಉಪ್ಪಿನಕಾಯಿ ಜಾಡಿ, ತುಪ್ಪದ ಡಬ್ಬ ಇಲ್ಲದ ಅಡುಗೆಮನೆ ನಮ್ಮಲ್ಲಿ ಎಲ್ಲಿದೆ? ಶೆಲ್ಫ್‌ನ ಗಾಜಿಗೆ ಸುತ್ತಲೂ ಚೌಕಟ್ಟು ಹಾಕಿ ಅಂಚನ್ನು 5 ಮಿ.ಮೀ. ಎತ್ತರಿಸಿ, ಚೆಲ್ಲಿದ್ದು ಅಲ್ಲೇ ನಿಲ್ಲಲಿ. ಹಿಂಬದಿಯ ಅಂಚು 20 ಮಿ.ಮೀ. ಮೇಲೇಳಬೇಕು, ಅದು ಚೆಲ್ಲುವುದಕ್ಕಲ್ಲ, ಪಾತ್ರೆ ಹಿಂದಕ್ಕೆ ಜರುಗಿ ಗಾಳಿಯ ಕಿಂಡಿ ಮುಚ್ಚದಿರಲಿ ಅಂತ. ಕಿಂಡಿ ಮುಚ್ಚಿದರೆ ಹಿಂದಿನ ಪಾತ್ರೆಯ ಸಾರು ಐಸು, ಬಾಗಿಲ ಹಾಲು ಬೆಚ್ಚಗೆ.

ಅಳತೆ: 4 ಮಿ.ಮೀ. ಟಫನ್ಡ್ ಗಾಜು. 5 ಲೀಟರ್ ಹಿಟ್ಟಿನ ಸ್ಟೀಲ್ ಪಾತ್ರೆ ತುಂಬಿದರೆ 6-7 ಕೆ.ಜಿ. ಅಂಥವು ಎರಡು, ಜೊತೆಗೆ ಒಂದು ಕುಕ್ಕರ್ ಅಂತ ಹಿಡಿದು ಒಂದು ಶೆಲ್ಫ್‌ಗೆ 20 ಕೆ.ಜಿ. ಲೆಕ್ಕ ಹಾಕಿ, ಅದರ ಒಂದೂವರೆ ಪಟ್ಟು ಇಟ್ಟು ಪರೀಕ್ಷಿಸಿ. 2 ಲೀಟರ್ ಬಾಟಲಿಗೆ 330 ಮಿ.ಮೀ. ಎತ್ತರ ಬಿಡಿ. ಒಂದು ಶೆಲ್ಫ್ ಅರ್ಧಕ್ಕೆ ಒಳಗೆ ಜಾರುವಂತಿರಲಿ, ಮುಂದೆ ಎತ್ತರದ ಪಾತ್ರೆಗೆ ಜಾಗ, ಹಿಂದೆ ಸಣ್ಣ ಡಬ್ಬ.

ಅಡುಗೆಮನೆ ಲೆಕ್ಕ

ಟೂಲ್‌ರೂಮ್ ಸಾರ್, ಜಾರುವ ಅರ್ಧ ಶೆಲ್ಫ್ ಅಂಗಡಿಯಲ್ಲಿ ತೋರಿಸಲು ಚಂದ. ಹಾಲು ಉಕ್ಕಿ ಒಮ್ಮೆ ಆ ಹಳಿಯೊಳಗೆ ಹೋದರೆ ತೊಳೆಯುವುದು ಯಾರು? ಬಿಚ್ಚಿ ಸಿಂಕ್‌ಗೆ ಒಯ್ಯಬಹುದಾದ ಎರಡು ಬಿಡಿ ಅರ್ಧ ಶೆಲ್ಫ್ ಕೊಡಿ. ಒಂದು ಎತ್ತರಕ್ಕೆ, ಒಂದು ತಗ್ಗಿಗೆ. ಮತ್ತೆ ಶೆಲ್ಫ್ ತೆಗೆಯಲು ಬಾಗಿಲು 90 ಡಿಗ್ರಿಗಿಂತ ಹೆಚ್ಚು ತೆರೆಯಬೇಕಾದ ಹಾಗೆ ಮಾಡಬೇಡಿ. ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ತಾಗಿ ನಿಂತ ಫ್ರಿಜ್‌ಗೆ ಅಷ್ಟು ಜಾಗ ಇರುವುದಿಲ್ಲ.

ಪೀಣ್ಯ ಟೂಲ್‌ರೂಮ್

ಬಿಡಿ ಅರ್ಧ ಶೆಲ್ಫ್ ಅಂದರೆ ನಡುವೆ ಆಧಾರ ಬೇಕು ಮೇಡಂ. ಬೆನ್ನಿಗೆ ಸ್ಟೀಲ್ ಏಣಿ ಕೂರಿಸಿ ಅದರಿಂದ ಮುಂದಕ್ಕೆ ಚಾಚಿಸಬಹುದು. ಗಾಳಿಯ ನಾಳ ಅದೇ ಬೆನ್ನಿನ ನಡುವೆ ಇರುವುದರಿಂದ ಏಣಿ ಎರಡು ಪಕ್ಕಕ್ಕೆ ಹೋಗಬೇಕು, ಫೋಮ್ ತುಂಬುವ ಮುಂಚೆಯೇ ಹಿಂದೆ ಸ್ಟೀಲ್ ಪಟ್ಟಿ ಇಟ್ಟಿರಬೇಕು. ಆಗುತ್ತದೆ, ಅಚ್ಚಿನ ಖರ್ಚು ಏರುತ್ತದೆ. ತೊಳೆಯುವ ಮಾತು ಒಪ್ಪಿದೆ.

ತಿಂಗಳ ಬಿಲ್

ನಡುವೆ ಬಾಯಿ ಹಾಕ್ತಿದ್ದೀನಿ. ಮೇಲಿನ ಖಾನೆಯನ್ನು ಫ್ರಿಜ್ ಮಾಡಿಬಿಟ್ಟರೆ ಕರೆಂಟ್ ಬಿಲ್ ಅರ್ಧ ಆಗುತ್ತದೆ ಅಂತ ಅಂಗಡಿಯಲ್ಲಿ ಹೇಳ್ತಾರಲ್ಲ?

ಕೇಶನಾಳ

ಲೆಕ್ಕ ಹಾಕಿಯೇ ಬಿಡೋಣ. 90 ಲೀಟರ್ ಖಾನೆ, ಒಳ ಅಳತೆ 50, 45, 40 ಸೆಂ.ಮೀ. ಅಂತಿಟ್ಟುಕೊಳ್ಳಿ. ಮೈ 1.2 ಚದರ ಮೀಟರ್. 60 ಮಿ.ಮೀ. ಫೋಮ್, ಚದರ ಮೀಟರ್‌ಗೆ ಒಂದು ಡಿಗ್ರಿ ವ್ಯತ್ಯಾಸಕ್ಕೆ 0.35 ವ್ಯಾಟ್ ಸೋರುತ್ತದೆ. ಹೊರಗೆ 32, ಒಳಗೆ ಮೈನಸ್ 18 ಇದ್ದರೆ 50 ಡಿಗ್ರಿ ವ್ಯತ್ಯಾಸ, 21 ವ್ಯಾಟ್. ಒಳಗೆ ಪ್ಲಸ್ 4 ಇದ್ದರೆ 28 ಡಿಗ್ರಿ, 12 ವ್ಯಾಟ್. ಉಳಿದದ್ದು 9 ವ್ಯಾಟ್ ಶಾಖ. ಒಂದು ವ್ಯಾಟ್ ಕರೆಂಟಿಗೆ 1.4 ವ್ಯಾಟ್ ಶಾಖ ಎಳೆಯುತ್ತದೆ ಅಂತ ಹಿಡಿದರೆ ಕರೆಂಟ್ ಉಳಿತಾಯ 6.5 ವ್ಯಾಟ್, ತಿಂಗಳಿಗೆ 5 ಯೂನಿಟ್‌ನ ಒಳಗೆ. ಗ್ಯಾಸ್ಕೆಟ್‌ನ ಸೋರಿಕೆ, ಡಿಫ್ರಾಸ್ಟ್ ಸೇರಿಸಿದರೆ ಇನ್ನಷ್ಟು. ಎರಡು ಕಾಯಿಲ್ ಇದ್ದು ಮೈನಸ್ 8ರಲ್ಲಿ ಓಡಿದರೆ ಇನ್ನೂ ಸ್ವಲ್ಪ. ಅರ್ಧ ಬಿಲ್ ಅಂತೂ ಅಲ್ಲ.

ಕೆಳಗಿನ ಖಾನೆ ಬಂದ್ ಮಾಡಿ ಊರಿಗೆ ಹೋಗುವ ಸ್ಥಿತಿ ಕೊಟ್ಟರೆ ಅದು ಬೇರೆ ಲೆಕ್ಕ, ಅಲ್ಲಿ ನಿಜವಾಗಿ ಉಳಿಯುತ್ತದೆ. ಬಾಗಿಲು ಬಿಗಿಯಾಗಿ ಮುಚ್ಚಿದ ಖಾಲಿ ಖಾನೆ ಬೂಸ್ಟು ಹಿಡಿಯುತ್ತದೆ ಅನ್ನುವುದನ್ನು ಮಾತ್ರ ಮರೆಯಬೇಡಿ. ಪೂರ್ತಿ ಬಂದ್ ಮಾಡುವ ಬದಲು 12-15 ಡಿಗ್ರಿಯಲ್ಲಿ ತೇಲಿಸಿಡಿ.

ಶೀತಲಸಮರ

ಸ್ಥಿತಿ ಬದಲಿಸುವ ಕ್ರಮ ಬರೆದಿದ್ದೇನೆ, ತಪ್ಪಿದ್ದರೆ ಹೇಳಿ.

ಮೈನಸ್ 18ರಿಂದ ಪ್ಲಸ್ 4ಕ್ಕೆ: ಬಟನ್ 3 ಸೆಕೆಂಡ್ ಒತ್ತಿ ಹಿಡಿಯಬೇಕು, ನಂತರ ಇನ್ನೊಮ್ಮೆ ಒತ್ತಿ ಖಚಿತಪಡಿಸಬೇಕು. ಕಂಪ್ರೆಸರ್ ನಿಲ್ಲುತ್ತದೆ. ಮೇಲಿನ ಹೀಟರ್ ಹತ್ತಿ, ಕಾಯಿಲ್ ಸೆನ್ಸರ್ ಪ್ಲಸ್ 8 ತೋರಿಸುವವರೆಗೆ ಡಿಫ್ರಾಸ್ಟ್. ತಕ್ಷಣ ಫ್ಯಾನ್, ಕಂಪ್ರೆಸರ್ ಶುರು.

ಪ್ಲಸ್ 4ರಿಂದ ಮೈನಸ್ 18ಕ್ಕೆ: ಅದೇ ರೀತಿ ಖಚಿತಪಡಿಸಿ, ಕಂಪ್ರೆಸರ್ ಪೂರ್ತಿ ವೇಗ. ಒಳಗಿರುವುದು ಮೈನಸ್ 15 ಮುಟ್ಟುವವರೆಗೆ ಕೆಳಗಿನ ಕಾಯಿಲ್‌ಗೆ ಗ್ಯಾಸ್ ಇಲ್ಲ.

ಸೆನ್ಸರ್: ಮೇಲಿನ ಖಾನೆಗೆ ಒಂದು, ಗಾಳಿ ಹಿಂದಿರುಗುವ ಜಾಲರಿಯ ಹತ್ತಿರ.

ಕೇಶನಾಳ

ಮೊದಲ ಕ್ರಮದ ಕೊನೆಯಲ್ಲಿ ತಪ್ಪಿದೆ. ಡಿಫ್ರಾಸ್ಟ್ ಮುಗಿದ ಕೂಡಲೇ ಫ್ಯಾನ್ ಹಾಕಿದರೆ ಕಾಯಿಲ್‌ಗೆ ಅಂಟಿದ ಹನಿ ಎಲ್ಲ ಖಾನೆಯೊಳಕ್ಕೆ ಹಾರುತ್ತದೆ. 5ರಿಂದ 7 ನಿಮಿಷ ನೀರು ಇಳಿಯಲು ಬಿಡಿ, ಆಮೇಲೆ ಕಂಪ್ರೆಸರ್, ಕಾಯಿಲ್ ತಣ್ಣಗಾದ ಮೇಲೆ ಫ್ಯಾನ್.

ಎರಡನೇ ಕ್ರಮ ಅಪಾಯ. ಆಗ ತಾನೇ ಹೊರಗಿನಿಂದ ತಂದಿಟ್ಟ 5 ಲೀಟರ್ ನೀರು ಮೇಲೆ ಇದ್ದು 30 ಡಿಗ್ರಿಯಿಂದ ಮೈನಸ್ 18ಕ್ಕೆ ಇಳಿಸಬೇಕು ಅಂದರೆ ಸುಮಾರು 2,500 ಕಿಲೋಜೂಲ್, ಅದರಲ್ಲಿ 1,670 ಬರೀ ಗಟ್ಟಿಯಾಗುವುದಕ್ಕೆ. ಆ ಕೆಲಸಕ್ಕೆ 60 ವ್ಯಾಟ್ ತಂಪು ಸಿಕ್ಕರೆ ಹನ್ನೊಂದೂವರೆ ಗಂಟೆ. ಅಷ್ಟು ಹೊತ್ತು ಕೆಳಗೆ ಹಾಲು ಕಾಯಿಸಿಟ್ಟ ಹಾಗೆ. ಕೆಳಗಿನ ಖಾನೆ 7 ಡಿಗ್ರಿ ದಾಟಿದರೆ ಗ್ಯಾಸ್ ಅತ್ತ ತಿರುಗಲೇಬೇಕು, ಬೇರೆ ಮಾತಿಲ್ಲ. ಗಾಜಿನ ಬಾಟಲಿ ತೆಗೆಯಿರಿ ಅಂತ ಪರದೆಯಲ್ಲಿ ಬರಲಿ. ನೀರು ಗಟ್ಟಿಯಾದರೆ ಶೇ 9 ಉಬ್ಬುತ್ತದೆ, ಸೋಡಾ ಬಾಟಲಿ ತಡೆಯುವುದಿಲ್ಲ.

ಸೆನ್ಸರ್ ಒಂದು ಸಾಲದು. ಹಿಂದಿರುಗುವ ಗಾಳಿ ಅಂದರೆ ಖಾನೆಯ ಅತಿ ಬೆಚ್ಚನೆಯ ಜಾಗ. ಮೈನಸ್ 18ಕ್ಕೆ ಅದೇ ಸರಿ. ಪ್ಲಸ್ 4ರಲ್ಲಿ ಮಾತ್ರ ನಿಮಗೆ ಭಯ ಇರಬೇಕಾದ್ದು ಅತಿ ತಣ್ಣನೆಯ ಜಾಗದ ಬಗ್ಗೆ, ಗಾಳಿ ಹೊರಬೀಳುವ ಕಿಂಡಿಯ ಎದುರು. ಅಲ್ಲಿ ಇನ್ನೊಂದು ಸೆನ್ಸರ್ ಇಟ್ಟು, ಅದು 0.5 ಡಿಗ್ರಿಗೆ ಇಳಿದರೆ ಫ್ಯಾನ್ ನಿಲ್ಲಿಸಿ. ಮೂರನೆಯದು ಕಾಯಿಲ್ ಮೇಲೆ ಹೇಗೂ ಇದೆ.

ಪ್ಲಸ್ 4 ಸ್ಥಿತಿಗೆ ಹೀಟರ್ ಬೇಕೇ ಇಲ್ಲ. ಕಂಪ್ರೆಸರ್ ನಿಂತ ಮೇಲೆ ಫ್ಯಾನ್ ಮಾತ್ರ ಓಡಿಸಿ. 4 ಡಿಗ್ರಿಯ ಗಾಳಿಯೇ ಕಾಯಿಲ್‌ನ ಹಿಮ ಕರಗಿಸುತ್ತದೆ, ಕರಗಿದ್ದರಲ್ಲಿ ಒಂದು ಪಾಲು ತೇವವಾಗಿ ತರಕಾರಿಗೇ ವಾಪಸ್. ಪುಕ್ಕಟೆ ತಂಪು, ಪುಕ್ಕಟೆ ತೇವ.

ಪಾನಾ ಪಕ್ಕಡ

ಮೈನಸ್ 2ಕ್ಕ ಹಂಗ ಆಗೂದಿಲ್ರಿ, ಅಲ್ಲಿ ಹೀಟರ್ ಬೇಕಾಕ್ಕೈತಿ. ಮತ್ತ ಒಂದ ತೊಡಕು ಐತಿ. ಮಾಮೂಲಿ ಬೈಮೆಟಲ್ ಕಾಯಿಲ್ ಭಾಳ ತಣ್ಣಗ ಆದ್ರ ಅಷ್ಟ ಮುಚ್ಕೊಂಡು ಹೀಟರ್‌ಕ್ಕ ದಾರಿ ಕೊಡ್ತೈತಿ. ನಿಮ್ಮ ಕಾಯಿಲ್ ಈ ಸ್ಥಿತಿಯೊಳಗ ಮೈನಸ್ 8ರ ಮ್ಯಾಲೆ ಕೆಳಗ ಆಡ್ತಿದ್ರ ಅದು ಮುಚ್ಕೊಂಡ್ರ ಮುಚ್ಕೊಂಡೀತು, ಇಲ್ಲಂದ್ರ ಇಲ್ಲ. ಬೋರ್ಡ್ ಡಿಫ್ರಾಸ್ಟ್ ಆತು ಅಂತ ತಿಳ್ಕೊತೈತಿ, ಹೀಟರ್ ಹತ್ತೇ ಇರೂದಿಲ್ಲ. ನಾಕ ದಿನದಾಗ ಕಾಯಿಲ್ ಗಡ್ಡೆ. ಬೈಮೆಟಲ್ ತಗದು ಕಾಯಿಲ್ ಸೆನ್ಸರ್ ಮ್ಯಾಲೆ ನಡಸ್ರಿ. 72 ಡಿಗ್ರಿ ಫ್ಯೂಸ್ ಮಾತ್ರ ಬಿಡಬ್ಯಾಡ್ರಿ, ಅದು ಜೀವದ ಪ್ರಶ್ನೆ.

ನೀರು ಇಳಿಯೂ ತೂತು 15 ಮಿ.ಮೀ. ಮಾಡ್ರಿ. ಮತ್ತ ಹೀಟರಿನಿಂದ ಒಂದು ಅಲ್ಯುಮಿನಿಯಂ ಪಟ್ಟಿ ಆ ತೂತಿನೊಳಗ ಎರಡ ಇಂಚು ಇಳೀಬೇಕು, ಇಲ್ಲಂದ್ರ ತೂತಿನ್ಯಾಗ ಬರ್ಫ ಕಟ್ಟಿ ನೀರು ಖಾನ್ಯಾಗ ತುಂಬತೈತಿ.

ಶೀತಲಸಮರ

ಬೈಮೆಟಲ್ ವಿಷಯ ಹೊಳೆದೇ ಇರಲಿಲ್ಲ. ತೆಗೆದೆ.

ಬಲ ಡ್ರಾಯರ್ 10 ಡಿಗ್ರಿಗೆ: ಸುತ್ತಲೂ 4 ಡಿಗ್ರಿ ಇರುವುದರಿಂದ ಅದು ತಾನಾಗಿ 5ಕ್ಕೇ ಬರುತ್ತದೆ. ತಳದಲ್ಲಿ 5 ವ್ಯಾಟಿನ ಹೀಟರ್ ಹಾಕುವುದೋ, ಡ್ರಾಯರ್ ಸುತ್ತ 10 ಮಿ.ಮೀ. ನಿರೋಧಕ ಕೊಡುವುದೋ?

ಕೇಶನಾಳ

ಎರಡೂ. ನಿರೋಧಕ ಇಲ್ಲದೆ ಹೀಟರ್ ಹಾಕಿದರೆ ಒಂದು ಕೈಯಲ್ಲಿ ಬಿಸಿ, ಇನ್ನೊಂದು ಕೈಯಲ್ಲಿ ತಂಪು, ಎರಡಕ್ಕೂ ಬಿಲ್. ಡ್ರಾಯರ್‌ನ ಹಿಂಬದಿಯೇ ಕಂಪ್ರೆಸರ್ ಇರುವ ಗೂಡು. ಅಲ್ಲಿ ಫೋಮ್ 5 ಮಿ.ಮೀ.ನಷ್ಟು ತೆಳು ಮಾಡಿದರೆ ಹೊರಗಿನ ಶಾಖವೂ ಸ್ವಲ್ಪ ಕೈಜೋಡಿಸುತ್ತದೆ. ಚಳಿಗಾಲದಲ್ಲಿ, ಹೊರಗೆ 16-18 ಇದ್ದಾಗ, ಹೀಟರ್‌ಗೆ ಕೆಲಸ ಹೆಚ್ಚು.

ಪರೀಕ್ಷೆ ಮಾಡುವಾಗ ಗಾಳಿಯ ತಾಪ ಅಳೆದು ಖುಷಿಪಡಬೇಡಿ. ಮೈನಸ್ 18ಕ್ಕೆ ಟೈಲೋಸ್ ಪೊಟ್ಟಣ (ಮಾಂಸದ ಬದಲಿಗೆ ಪರೀಕ್ಷೆಗೆ ಇಡುವ ಜೆಲ್), 500 ಗ್ರಾಂನದು, ನಡುವೆ ತಾಪ ಅಳೆಯುವ ಥರ್ಮೋಕಪಲ್ ತಂತಿ. ಖಾನೆ ತುಂಬಿ 24 ಗಂಟೆ ಬಿಟ್ಟು ಅತಿ ಬೆಚ್ಚನೆಯ ಪೊಟ್ಟಣವನ್ನು ನೋಡಿ. ಸ್ಟಾರ್ ಲೇಬಲ್‌ಗೆ ಕರೆಂಟ್ ಅಳೆಯುವಾಗ ಬದಲಾಗುವ ಖಾನೆಯನ್ನು ಅತಿ ಹೆಚ್ಚು ಕರೆಂಟ್ ತಿನ್ನುವ ಸ್ಥಿತಿಯಲ್ಲೇ ಇಡಬೇಕು, ಅಂದರೆ ಮೈನಸ್ 18. ಪ್ಲಸ್ 4ರ ಅಂಕಿ ಅಲ್ಲಿ ಲೆಕ್ಕಕ್ಕಿಲ್ಲ.

ಅಡುಗೆಮನೆ ಲೆಕ್ಕ

ಮನೆಯಲ್ಲಿ ನೋಡುವವರಿಗೆ: ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಮುಳುಗಿಸಿ ನಡುವಿನ ಶೆಲ್ಫ್‌ನಲ್ಲಿ ರಾತ್ರಿಯಿಡೀ ಇಡಿ, ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಓದಿ. 4ರ ಆಸುಪಾಸು ಇದ್ದರೆ ಸರಿ. ಹಾಲಿನ ಜಾಗ ಬಾಗಿಲಲ್ಲಿ ಇಡಬೇಡಿ ಸಾರ್, ಅಲ್ಲಿ ಯಾವಾಗಲೂ ಒಂದೆರಡು ಡಿಗ್ರಿ ಹೆಚ್ಚು. ಬಾಗಿಲ ತುಂಬ ಸಾಸ್, ನೀರು, ಹುಣಸೆ ರಸ ಇರಲಿ.

ಪಾನಾ ಪಕ್ಕಡ

ಕಡೀಗೊಂದು. ಕಾಯಿಲ್ ಮುಂದಿನ ಕವರ್‌ಕ್ಕ ಪ್ಲಾಸ್ಟಿಕ್ ಲಾಕ್ ಹಾಕಬ್ಯಾಡ್ರಿ. ಮೈನಸ್ 18ರಾಗ ಬಿಚ್ಚಲಿಕ್ಕೆ ಹೋದ್ರ ಬಿಸ್ಕಿಟ್ ಮುರದಂಗ ಮುರೀತಾವ, ಆಮ್ಯಾಲೆ ಕವರ್ ಅಲುಗಾಡಿ ಫ್ಯಾನಿಗೆ ತಾಗ್ತೈತಿ. ಎರಡು ಸ್ಕ್ರೂ ಕೊಡ್ರಿ ಸಾಕು. ಮತ್ತ ಫ್ಯಾನಿನ ವೈರ್ ಜೋಡಣಿ ಕವರ್ ಮುಂದಕ್ಕ ಬಾಗಿಸಿದ್ರ ಕೈಗೆ ಸಿಗೂವಷ್ಟು ಉದ್ದ ಇರ್ಲಿ.

ಶೀತಲಸಮರ

ಎರಡು ಸ್ಕ್ರೂ, ವೈರ್ 150 ಮಿ.ಮೀ. ಹೆಚ್ಚುವರಿ. ಡ್ರಾಯಿಂಗ್‌ಗೆ ಹಾಕಿದೆ.